ಐದು ಖಾತೆ, ಒಂದು ಕೆಮ್ಮು

"ಈ ಮನೆಯ ಫೈಲುಗಳನ್ನೆಲ್ಲ ಒಂದೇ ಸೂರಿನಡಿ ತರದಿದ್ದರೆ ನನ್ನ ಹೆಸರನ್ನೇ ಬದಲಾಯಿಸ್ಕೊಳ್ತೀನಿ!" ಎಂದು ನಾನು ಶಪಥ ಮಾಡಿದ್ದು ಆಸ್ಪತ್ರೆಯ ಲಿಫ್ಟಿನಲ್ಲಿ. ಜೊತೆಗೆ ನನ್ನ ಹೆಂಡತಿ, ಗಾಲಿಕುರ್ಚಿಯಲ್ಲಿ ಅತ್ತೆ, ಮತ್ತು ನೆಲ ಒರೆಸುವ ಬಕೆಟ್ ಹಿಡಿದ ಒಬ್ಬಾಕೆ ಇದ್ದರು. ನನ್ನ ಮಾತಿಗೆ ತಲೆದೂಗಿದ್ದು ಬಕೆಟ್ಟಿನಾಕೆ ಒಬ್ಬಳೇ.

ಶಪಥಕ್ಕೆ ಕಾರಣವಿತ್ತು. ಅತ್ತೆಗೆ ಗಂಟಲಿನ ಕ್ಯಾನ್ಸರ್. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಆಮೇಲಿನ ಮೊದಲ ತಪಾಸಣೆಗೆ ಹೋದಾಗ ಡಾಕ್ಟರು, "ಹಳೇ ಸ್ಕ್ಯಾನ್ ಇದೆಯಾ?" ಎಂದರು. "ಇಲ್ಲದೆ ಏನು ಸಾರ್! ಎಲ್ಲಾ ಕ್ಲೌಡಲ್ಲಿದೆ!" ಎಂದು ನಾನು ಫೋನ್ ತೆಗೆದೆ. ಒಂದು ಖಾತೆಯಲ್ಲಿ ಹುಡುಕಿದೆ, ಇಲ್ಲ. ಇನ್ನೊಂದರಲ್ಲಿ ಹುಡುಕಿದೆ, ವಾಷಿಂಗ್ ಮಶೀನಿನ ಕೈಪಿಡಿ ಸಿಕ್ಕಿತು. ಮತ್ತೊಂದು ಪಾಸ್‌ವರ್ಡ್ ಕೇಳಿತು. ಮರೆತಿದ್ದೇನೆ ಎಂದರೆ, "ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು?" ಎಂದಿತು. ನಾನು ಹುಟ್ಟಿದಾಗಿನಿಂದ ಒಂದು ಇರುವೆಯನ್ನೂ ಸಾಕಿದವನಲ್ಲ! ಖಾತೆ ತೆರೆಯುವಾಗ ಯಾರ ಹೆಸರು ಕೊಟ್ಟಿದ್ದೆನೋ, ಅದು ಡಾಕ್ಟರ ಎದುರು ನೆನಪಿಗೆ ಬರುವ ಬಾಬತ್ತಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಚೀಲದಿಂದ ಮಡಿಸಿದ ದೊಡ್ಡ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಲಕೋಟೆ ಬಿಡಿಸಿದರು, ನನ್ನ ಕಡೆ ಒಮ್ಮೆ ನೋಡಿದರು. ಆ ನೋಟವೇ ಲಿಫ್ಟಿನ ಶಪಥಕ್ಕೆ ಮೂಲ.

ಕ್ಲೌಡ್ ಎಂದರೆ ನಮ್ಮ ಸಾಮಾನನ್ನು ನಾವು ಕಾಣದ ಊರಿನ, ನಾವು ಕಾಣದ ಕಂಪ್ಯೂಟರಿನಲ್ಲಿ ಇಟ್ಟು, ನಮ್ಮ ಹತ್ತಿರವೇ ಇದೆ ಎಂದು ನಂಬಿಕೊಂಡಿರುವುದು. ಶುರುವಿನಲ್ಲಿ ಒಂದಿಷ್ಟು ಜಾಗ ಪುಕ್ಕಟೆ. ತುಂಬಿದರೆ ದುಡ್ಡು ಕೇಳುತ್ತಾರೆ. ನಾನು ಕೊಟ್ಟೇನೆಯೇ? ತುಂಬಿದಾಗಲೆಲ್ಲ ಬೇರೊಂದು ಕಂಪನಿಯಲ್ಲಿ ಬೇರೊಂದು ಪುಕ್ಕಟೆ ಖಾತೆ! ಹೀಗೆ ನನ್ನ ಹೆಸರಿನಲ್ಲಿ ಮೂರು, ಹೆಂಡತಿಯ ಹೆಸರಿನಲ್ಲಿ ಒಂದು, ಅತ್ತೆಗೆ ಗೊತ್ತಿಲ್ಲದಂತೆ ಅತ್ತೆಯ ಹೆಸರಿನಲ್ಲಿ ಒಂದು. ಬಾಡಿಗೆ ಕೊಡದೆ ಐದು ಮನೆ ಮಾಡಿಕೊಂಡಿದ್ದ ಧಣಿ ನಾನು. ಯಾವ ಮನೆಯಲ್ಲಿ ಚಾಪೆಯಿದೆ, ಯಾವ ಮನೆಯಲ್ಲಿ ದಿಂಬಿದೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಅವಮಾನ ಹೆಚ್ಚಾಗಿದ್ದಕ್ಕೆ ಇನ್ನೊಂದು ಕಾರಣ, ನನ್ನ ಉದ್ಯೋಗ. ನಾನು ವಾಹನಗಳ ಬಿಡಿಭಾಗದ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಕಣ್ಣು ಮುಚ್ಚಿಕೊಂಡು ಯಾವ ಬೇರಿಂಗ್ ಯಾವ ಕಪಾಟಿನಲ್ಲಿದೆ ಎಂದು ಹೇಳಬಲ್ಲೆ. "ಒಂದು ಮಾಲಿಗೆ ಒಂದೇ ಜಾಗ, ಎರಡನೇ ಕಡೆ ಕಂಡರೆ ಅದು ಕಸ" ಎಂಬುದು ನನ್ನ ವೇದವಾಕ್ಯ. ನಮ್ಮಲ್ಲಿ ಮಾಲು ಹೊರಗೆ ಹೋಗುವಾಗ ಕಂಪ್ಯೂಟರ್ ಒಂದು ಚೀಟಿ ಮುದ್ರಿಸುತ್ತದೆ. ಯಾರಾದರೂ ಅವಸರದಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಅದೇ ಚೀಟಿ ಮತ್ತೆ ಬರುತ್ತದೆ, ನಂಬರಿನ ಮುಂದೆ ಬ್ರಾಕೆಟ್ಟಿನಲ್ಲಿ ಒಂದು, ಎರಡು ಎಂದು ಅಂಕಿ ಹಾಕಿಕೊಂಡು. ಬ್ರಾಕೆಟ್ ಕಂಡರೆ ಸಾಕು, ಓದುವುದೂ ಇಲ್ಲ, ಪರ್ರ್ ಎಂದು ಹರಿದು ಬುಟ್ಟಿಗೆ ಹಾಕುತ್ತೇವೆ. ಬದುಕಿನಲ್ಲಿ ಇಷ್ಟು ಸಲೀಸಾದ ನಿಯಮ ಇನ್ನೊಂದಿಲ್ಲ ಎಂದು ತಿಳಿದಿದ್ದೆ.

ಈಗ ಅತ್ತೆಯ ವಿಷಯಕ್ಕೆ ಬರಬೇಕು, ಬರಲು ಇಷ್ಟವಿಲ್ಲದಿದ್ದರೂ.

ನಮ್ಮತ್ತೆ ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ಆಯುಷ್ಯ ಕಳೆದವರು. ಒಂದು ಗುಂಡಿ ಕೊಳ್ಳಲು ಬಂದವರಿಗೆ ಇಡೀ ಮನೆಯ ಪರದೆ ಬಟ್ಟೆ ಮಾರಿ ಕಳಿಸಿದವರು. ಅವರು ಮಾತಾಡಲು ಬಾಯಿ ತೆರೆದರೆ ಪಕ್ಕದ ಅಂಗಡಿಯವನು ರೇಡಿಯೋ ಆರಿಸುತ್ತಿದ್ದನಂತೆ. ಅಂಥವರಿಗೆ ಡಾಕ್ಟರು, "ದನಿ ಹೋಗುತ್ತೆ, ಪ್ರಾಣ ಉಳಿಯುತ್ತೆ" ಎಂದಾಗ ಅತ್ತೆ, "ಅದಲು ಬದಲು ಮಾಡೋಕಾಗಲ್ವಾ ಡಾಕ್ಟ್ರೇ?" ಎಂದು ಕೇಳಿದ್ದರು. ಡಾಕ್ಟರು ನಕ್ಕರು. ಅತ್ತೆ ನಗಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಳೆದುಕೊಂಡವರಿಗೆ ತರಬೇತಿ ಕೊಡುವ ಹೆಂಗಸೊಬ್ಬರಿದ್ದರು. ಅತ್ತೆ ಅವರನ್ನು ಮಾತಿನ ಮೇಡಂ ಎಂದೇ ಕರೆಯುತ್ತಿದ್ದರು. ಅವರು ಒಂದು ದಾರಿ ಹೇಳಿದರು. ಆಪರೇಷನ್ನಿಗೆ ಮುಂಚೆ ಅತ್ತೆ ತಮ್ಮ ದನಿಯಲ್ಲಿ ಒಂದಷ್ಟು ವಾಕ್ಯ ಹೇಳಿ ರೆಕಾರ್ಡ್ ಮಾಡಬೇಕು. ಗಾಯ ಮಾಗಿದ ಮೇಲೆ ಆ ರೆಕಾರ್ಡಿಂಗುಗಳನ್ನು ಒಂದು ಯಂತ್ರಕ್ಕೆ ಕೊಟ್ಟರೆ, ಅತ್ತೆ ಏನೇ ಟೈಪ್ ಮಾಡಿದರೂ ಅದು ಅತ್ತೆಯ ದನಿಯಲ್ಲೇ ಹೇಳುತ್ತದೆ. ವಾಕ್ಯ ಹೆಚ್ಚಿದ್ದಷ್ಟೂ ದನಿ ಚೆನ್ನಾಗಿ ಬರುತ್ತದೆ.

ಹೆಂಡತಿ ತನ್ನ ಫೋನಿನಲ್ಲಿ ರೆಕಾರ್ಡ್ ಮಾಡಲು ಕುಳಿತಳು. ಮಾತಿನ ಮೇಡಂ ಕೊಟ್ಟ ವಾಕ್ಯಗಳನ್ನು ನೋಡಿ ಅತ್ತೆ ಮೂಗು ಮುರಿದರು.

"'ನನಗೆ ನೀರು ಬೇಕು.' ಇದನ್ನ ಹೇಳೋಕೆ ಯಂತ್ರ ಯಾಕೆ? ಲೋಟ ತೋರಿಸಿದ್ರೆ ಸಾಲ್ದಾ? ಬೈಯೋಕೆ ಬೇಕಮ್ಮಾ ಯಂತ್ರ. ಕೈಸನ್ನೇಲಿ ಎಷ್ಟೂಂತ ಬೈಯಲಿ?"

"ಅಮ್ಮಾ, ಮೊದ್ಲು ಅವರು ಕೊಟ್ಟಿದ್ದು ಹೇಳು."

"ಹೇಳ್ತೀನಿ. ಆಮೇಲೆ ನಂದು."

ಅವರದು ಎಂದರೆ ಬಹುಪಾಲು ನಾನು. "ಅಳಿಯಂದ್ರೇ, ಒದ್ದೆ ಟವೆಲ್ಲು ಹಾಸಿಗೆ ಮೇಲೆ ಮಲಗಿದೆ, ಎಬ್ಬಿಸಿ." "ಅಳಿಯಂದ್ರೇ, ನಿಮ್ಮ ತಲೇಲಿರೋದು ಮಿದುಳೋ ತೌಡೋ?" ಒಂದೊಂದು ವಾಕ್ಯಕ್ಕೆ ಒಂದೊಂದು ರೆಕಾರ್ಡಿಂಗ್. ಕೊನೆಗೆ, "ಅಳಿಯಂದ್ರೇ, ಈಗ ನೀವು ಆಚೆ ಹೋಗಿ ಬಾಗಿಲು ಎಳ್ಕೊಳ್ಳಿ" ಎಂದರು. ನಾನು ಆಚೆ ನಿಂತೆ. ಒಳಗಿನಿಂದ ತಾಯಿ ಮಗಳ ನಗು ಕೇಳಿತು, ಆಮೇಲೆ ಬಹಳ ಹೊತ್ತು ಅತ್ತೆಯ ದನಿಯೊಂದೇ, ಸಣ್ಣಗೆ. ಹೆಂಡತಿ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

ಮೊದಲ ರೆಕಾರ್ಡಿಂಗಿಗೆ ಅವಳು "ಅಮ್ಮ" ಎಂದು ಹೆಸರು ಕೊಟ್ಟಿದ್ದಳು. ಆಮೇಲೆ ಪ್ರತಿಸಲ ಹೆಸರು ಬರೆಯುವ ತಾಳ್ಮೆ ಯಾರಿಗಿದೆ? ಫೋನೇ ಹೆಸರಿಟ್ಟುಕೊಂಡಿತು. ಅಮ್ಮ, ಬ್ರಾಕೆಟ್ಟಿನಲ್ಲಿ ಒಂದು. ಅಮ್ಮ, ಬ್ರಾಕೆಟ್ಟಿನಲ್ಲಿ ಎರಡು. ಹೀಗೆ ನೂರಾರು.

ಓದುಗ ಮಹಾಶಯರೇ, ನಿಮಗೆ ಮುಂದಿನದು ಈಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ನಾನು ಈ ಲೇಖನ ಬರೆಯುವ ಸ್ಥಿತಿಗೆ ಬರುತ್ತಿರಲಿಲ್ಲ.

ಶಪಥದ ಮರುದಿನವೇ ಮರೆತ ಪಾಸ್‌ವರ್ಡನ್ನು ಹೇಗೋ ಬದಲಾಯಿಸಿಕೊಂಡು, ಐದು ಖಾತೆಗಳ ಕೀಲಿಕೈ ಕೊಟ್ಟರೆ ತಾನೇ ಎಲ್ಲ ನೋಡಿಕೊಳ್ಳುವ ಆಪ್ ಒಂದನ್ನು ಹುಡುಕಿದೆ. ಅದಕ್ಕೆ ನಿಯಮ ಬರೆದುಕೊಟ್ಟರೆ ಸಾಕು, ನಾವು ಕಾಲಮೇಲೆ ಕಾಲು ಹಾಕಿಕೊಂಡು ಕೂರಬಹುದು. ನಾನು ಬರೆದವು ನಿಯಮಗಳಲ್ಲ ಸ್ವಾಮಿ, ಶಾಸನಗಳು! ನನ್ನ ಒಂದು ಖಾತೆಯನ್ನು ರಾಜಧಾನಿ ಎಂದು ಘೋಷಿಸಿದೆ. ಎಲ್ಲರ ಫೋನಿನಲ್ಲಿರುವುದೂ ಎಲ್ಲ ಖಾತೆಗಳಲ್ಲಿರುವುದೂ ರಾಜಧಾನಿಗೆ ಬರತಕ್ಕದ್ದು. ಬಂದಮೇಲೆ ಫೋನಿನಿಂದ ತೊಲಗತಕ್ಕದ್ದು. ರಾಜಧಾನಿಯಲ್ಲಿ ಏನಿದೆಯೋ ಅದೇ ಮಿಕ್ಕ ನಾಲ್ಕು ಖಾತೆಗಳಲ್ಲೂ ಇರತಕ್ಕದ್ದು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಾಲ್ಕು ಕಂಪನಿ ಮುಳುಗಿ ಹೋದ್ರೂ ಐದನೇದ್ರಲ್ಲಿ ನಮ್ಮ ಸಾಮಾನು ಭದ್ರ!" ಎಂದು ಹೆಂಡತಿಗೆ ಹೇಳಿದೆ. ಅವಳು ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಇಡೀ ದಿನ ನೋವಿನವರನ್ನು ಸಮಾಧಾನ ಮಾಡಿ ಬಂದವಳು, ನನ್ನ ಮುಂದೆ ಸಮಾಧಾನ ಉಳಿಸಿಕೊಂಡಿರುವುದಿಲ್ಲ.

"ಅಮ್ಮನ ರೆಕಾರ್ಡಿಂಗ್ ಮುಟ್ಬೇಡಿ ರೀ."

"ಮುಟ್ಟೋದೇ ಇಲ್ಲ. ಯಂತ್ರ ಮುಟ್ಟುತ್ತೆ. ಅದಕ್ಕೆ ನನ್ನ ಥರ ಕೈ ನಡುಗಲ್ಲ."

"ನಿಮ್ಮ ಕೈ ನಡುಗಿದ್ರೇನೇ ವಾಸಿ. ನಡುಗಿದಾಗ ನಿಲ್ಲಿಸ್ತೀರಿ."

ಈ ಮಾತಿನ ತೂಕ ಆಗ ತಿಳಿಯಲಿಲ್ಲ.

ಐದು ಕಡೆಯ ಸಾಮಾನನ್ನು ಐದೂ ಕಡೆ ತುಂಬಿದರೆ ಏನಾಗುತ್ತದೆ? ಐದೂ ಉಕ್ಕುತ್ತವೆ! "ಜಾಗವಿಲ್ಲ, ದುಡ್ಡು ಕೊಡಿ" ಎಂದು ಐದೂ ಕಂಪನಿಗಳು ಒಟ್ಟಿಗೆ ಬೊಬ್ಬೆ ಹಾಕಿದವು. ನಾನು ಹೆದರುವವನೇ? ಹೊಸ ಶಾಸನ ಹೊರಡಿಸಿದೆ: ಒಂದೇ ಹೆಸರಿನ ಮುಂದೆ ಬ್ರಾಕೆಟ್ ಅಂಕಿ ಇರುವುದೆಲ್ಲ ನಕಲು, ಅಳಿಸತಕ್ಕದ್ದು. ಆದರೂ ಜಾಗ ಸಾಲಲಿಲ್ಲ. ನೋಡಿದರೆ, ಅಳಿಸಿದ್ದೆಲ್ಲ ಕಸದ ಬುಟ್ಟಿಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದಂತೆ, ಆ ಬುಟ್ಟಿಗೂ ಜಾಗದ ಲೆಕ್ಕವಂತೆ. ಕಸಕ್ಕೂ ಬಾಡಿಗೆಯೇ! ಅದಕ್ಕೂ ಒಂದು ಶಾಸನ: ಬುಟ್ಟಿಗೆ ಬಿದ್ದದ್ದು ಬಿದ್ದ ತಕ್ಷಣ ಹೊರಕ್ಕೆ.

ಇದನ್ನು ನಾನು ಗೋದಾಮಿನಲ್ಲಿ ಬೀಗುತ್ತ ವಿವರಿಸಿದೆ. ಕೇಳಿದವನು ರವಾನೆ ವಿಭಾಗದವನು. ಯಾವ ಲಾರಿ ಹೊರಟರೂ "ದಾರೀಲಿ ಕೆಡದೇ ಇದ್ರೆ ಸಾಕು" ಎನ್ನುವವನು. ಅವನಿಗೆ ನಾವಿಟ್ಟ ಹೆಸರು ಅಪಶಕುನ.

"ಸಾರ್, ಮೊದ್ಲು ಒಂದೆರಡು ಕೆಲಸಕ್ಕೆ ಬಾರದ ಫೈಲ್ ಮೇಲೆ ಮಾಡಿ ನೋಡಿ" ಎಂದ ಅಪಶಕುನ.

"ಈಜು ಬರೋನು ಬಕೆಟ್ಟಲ್ಲಿ ಈಜಿ ನೋಡ್ತಾನೇನಯ್ಯಾ?"

"ಬುಟ್ಟೀನಾದ್ರೂ ಬಿಡಿ ಸಾರ್. ಬುಟ್ಟಿ ಇಟ್ಟಿರೋದೇ ನಮ್ಮಂಥೋರಿಗೆ."

"ನಿಮ್ಮಂಥೋರಿಗೆ!" ಎಂದು ತಿದ್ದಿದೆ.

ಶನಿವಾರ ಮಧ್ಯಾಹ್ನ ಗುಂಡಿ ಒತ್ತಿದೆ. ಅದೆಂಥ ನೋಟ! ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು. ರಾಜಧಾನಿ ಹಗುರವಾಯಿತು, ಅದರ ಹಿಂದೆಯೇ ಮಿಕ್ಕ ನಾಲ್ಕೂ ಹಗುರವಾದವು. ಕೊನೆಗೆ ಹಸಿರು ಬಣ್ಣದ ಟಿಕ್ ಗುರುತು ಬಂತು. ಗೆದ್ದೆ ಎಂದುಕೊಂಡೆ. ಗಾಜಿನ ಹಲಗೆಯಂತೆ ಎಲ್ಲವೂ ನಿಚ್ಚಳ. ಸಂತೋಷಕ್ಕೆ ಒಂದು ನಿದ್ದೆಯನ್ನೂ ಮಾಡಿದೆ.

ಭಾನುವಾರ ಬೆಳಿಗ್ಗೆ ಹೆಂಡತಿ ಅತ್ತೆಯ ಕತ್ತಿನ ಬಟ್ಟೆ ಬದಲಾಯಿಸುತ್ತಿದ್ದಳು. ಅತ್ತೆ ಈಗ ಉಸಿರಾಡುವುದು ಕತ್ತಿನಲ್ಲಿ ಮಾಡಿದ ತೂತಿನಿಂದ. ಅದರ ಮೇಲೊಂದು ತೆಳು ಬಟ್ಟೆ ಇರುತ್ತದೆ, ಉಸಿರು ಬಿಟ್ಟಾಗ ಅದು ಅಲುಗುತ್ತದೆ. ಮಾತಾಡಬೇಕೆಂದರೆ ಮಡಿಲಲ್ಲಿ ಬಿಳಿ ಹಲಗೆ, ಕೈಯಲ್ಲಿ ಕೀಚ್ ಕೀಚ್ ಎನ್ನುವ ಪೆನ್ನು.

"ನಾಳೆ ಮಾತಿನ ಮೇಡಂ ಹತ್ರ ಹೋಗೋದು. ರೆಕಾರ್ಡಿಂಗ್ ಎಲ್ಲಾ ಒಂದು ಕಡೆ ತೆಗೆದಿಡಿ" ಎಂದಳು ಹೆಂಡತಿ.

"ತೆಗೆದಿಡೋದೇನು, ಈಗಲೇ ಕೇಳಿಸ್ತೀನಿ!"

ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿದೆ. ಹುಡುಕಿದೆ. ಡಾಕ್ಟರ ಎದುರಾದ ಅವಮಾನಕ್ಕೆ ತಕ್ಕ ಉತ್ತರ! ಕಣ್ಣು ಮಿಟುಕಿಸುವಷ್ಟರಲ್ಲಿ "ಅಮ್ಮ" ಸಿಕ್ಕಿತು. ಒತ್ತಿದೆ.

ಮೊದಲು ಒಂದು ಕೆಮ್ಮು. ಆಮೇಲೆ ಅತ್ತೆಯ ದನಿ, ಕೋಣೆ ತುಂಬ: "ಶುರುವಾಯ್ತಾ? ಇದು ಶುರುವಾಗಿದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?" ಅಷ್ಟೇ.

ಅತ್ತೆಯ ಮುಖ ಅರಳಿತು. ಆಪರೇಷನ್ ಆದಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ದನಿಯಿಲ್ಲದ ನಗು, ಕತ್ತಿನ ಬಟ್ಟೆ ಮಾತ್ರ ಪಟಪಟ ಅಲುಗಿತು. ಕೈಯಾಡಿಸಿದರು: ಮುಂದಿನದು ಹಾಕಿ.

ಮುಂದಿನದು ಇರಲಿಲ್ಲ.

ಮೇಲೆ ಕೆಳಗೆ ಎಳೆದು ನೋಡಿದೆ. ಹೆಂಡತಿಯ ಖಾತೆ ತೆರೆದೆ, ಅಲ್ಲೂ ಒಂದೇ "ಅಮ್ಮ". ಅತ್ತೆಯ ಖಾತೆಯಲ್ಲೂ ಒಂದೇ. ಐದೂ ಖಾತೆಗಳಲ್ಲಿ ಒಂದೊಂದು ಕೆಮ್ಮು!

"ಏನಾಯ್ತು ರೀ?"

"ನೆಟ್ಟು. ನೆಟ್ಟು ಸ್ವಲ್ಪ ನಿಧಾನ ಇದೆ."

ಅತ್ತೆ ಇನ್ನೂ ನಗುತ್ತ, ಕಿವಿಯನ್ನು ಸ್ಪೀಕರಿನ ಕಡೆ ಮಾಡಿ ಕಾಯುತ್ತಿದ್ದರು. ನಾನು ಲ್ಯಾಪ್‌ಟಾಪನ್ನೂ ಫೋನನ್ನೂ ಎದೆಗವಚಿಕೊಂಡು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡೆ.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಒಂದು ಹೆಣ್ಣುದನಿ ಬಹಳ ಹೊತ್ತು ಹೇಳಿತು. ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ.

"ಬುಟ್ಟೀಲಿ ನೋಡಿದ್ರಾ ಸರ್?"

"ಬುಟ್ಟಿ ಖಾಲಿ."

"ಖಾಲಿ ಮಾಡಿದ್ಯಾರು ಸರ್?"

"ನಾನೇ. ಅಂದ್ರೆ, ನಾನು ಹೇಳಿದ್ದಕ್ಕೆ ಅದು."

"ಬೇರೆ ಖಾತೇಲಿ ಪ್ರತಿ ಇತ್ತಾ?"

"ನಾಲ್ಕರಲ್ಲಿತ್ತು. ರಾಜಧಾನೀಲಿ ಹೋದ ತಕ್ಷಣ ಅಲ್ಲೂ ಹೋಯ್ತು."

"ಎಲ್ಲಿ ಸರ್?"

"ರಾಜಧಾ... ಬಿಡಿ. ಎಲ್ಲಾ ಕಡೆ ಹೋಯ್ತು."

"ಫೋನಲ್ಲಿ?"

"ಫೋನಿಂದ ಮೊದಲೇ ತೆಗೆಸಿದ್ದೆ."

ಆ ಕಡೆ ಕೀಬೋರ್ಡ್ ಟಕಟಕ ಎಂದಿತು. ಆಮೇಲೆ ಅವನು ನಿಜವಾದ ಗೌರವದಿಂದ ಹೇಳಿದ: "ಸರ್, ಇಷ್ಟು ಪೂರ್ತಿಯಾಗಿ ಅಳಿಸೋಕೆ ನಮ್ಮ ಕೈಲೂ ಆಗಲ್ಲ."

ಮಿಕ್ಕ ಕಂಪನಿಗಳೂ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದವು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ರೀ, ಒಳಗೆ ಯಾರ ಹತ್ರ ಮಾತಾಡ್ತಿದೀರಾ? ಬುಟ್ಟಿ ಅಂದ್ರಲ್ಲ, ಏನು ಬುಟ್ಟಿ?"

ಚಿಲಕ ತೆಗೆದೆ. ನನ್ನ ಮುಖ ನೋಡಿದ ಮೇಲೆ ಅವಳಿಗೆ ವಿವರಣೆ ಬೇಕಾಗಲಿಲ್ಲ. ಆದರೂ ಹೇಳಿದೆ. ಬ್ರಾಕೆಟ್ಟಿನ ಕಥೆ ಹೇಳಿದೆ, ಬುಟ್ಟಿಯ ಕಥೆ ಹೇಳಿದೆ. ಅವಳು ಒಗೆಯುವ ಬಟ್ಟೆಯ ರಾಶಿಯ ಮೇಲೆ ಕುಳಿತಳು.

"ಎಲ್ಲಾನೂ?"

"ಒಂದು ಉಳಿದಿದೆ."

"ಯಾವುದು?"

"ಕೆಮ್ಮಿದ್ದು."

ಬೈಗುಳಕ್ಕೆ ಕಾದೆ. ಬರಲಿಲ್ಲ. ಮದುವೆಯಾದಾಗಿನಿಂದ ಅವಳ ಬೈಗುಳಕ್ಕೆ ಹೆದರಿ ಬದುಕಿದವನು ಅವತ್ತು ಬೈದರೆ ಸಾಕಪ್ಪಾ ಎಂದು ಬೇಡಿಕೊಂಡೆ.

"ಆಮೇಲೆ ನನ್ನನ್ನ ಆಚೆ ಕಳಿಸಿ ರೆಕಾರ್ಡ್ ಮಾಡಿದ್ರಲ್ಲ, ಅದ್ರಲ್ಲಿ ಏನಿತ್ತು?" ಎಂದು ಕೇಳಿದೆ. ಕೇಳಬಾರದಿತ್ತು.

"ಅರ್ಧಂಬರ್ಧ ನೆನಪಿದೆ. ಆಗ ನಾನು ಸರಿಯಾಗಿ ಕೇಳಿಸ್ಕೊಳ್ಳಲೂ ಇಲ್ಲ, ಅಳ್ತಿದ್ದೆ. ನೆನಪಿಟ್ಕೋಬೇಕು ಅನ್ನಿಸ್ಲಿಲ್ಲ. ರೆಕಾರ್ಡ್ ಆಗ್ತಿತ್ತಲ್ಲ."

ಆಚೆಯಿಂದ ಹಲಗೆಯನ್ನು ಬೆರಳಿನಿಂದ ಕುಟ್ಟುವ ಸದ್ದು ಬಂತು. ಅತ್ತೆ ಕರೆಯುವ ರೀತಿ ಅದು.

"ನೀವೇ ಹೇಳಿ" ಎಂದಳು ಹೆಂಡತಿ. "ನನ್ನ ಬಾಯಿಂದ ಬರಲ್ಲ."

ಹೇಳಿದೆ. ಅತ್ತೆಯ ಮುಂದೆ ಮಂಡಿಯೂರಿ ಹೇಳಿದೆ, ನೆಲ ನೋಡಿಕೊಂಡು. ಹೇಳಿ ಮುಗಿಸಿದಾಗ ಕತ್ತಿನ ಬಟ್ಟೆ ಬಹಳ ಜೋರಾಗಿ ಅಲುಗುತ್ತಿತ್ತು. ಅತ್ತೆ ಹಲಗೆಯ ಮೇಲೆ ಏನೋ ಬರೆದರು, ಅಂಗೈಯಿಂದ ಒರೆಸಿದರು. ಮತ್ತೆ ಬರೆದರು, ಮತ್ತೆ ಒರೆಸಿದರು. ಕೊನೆಗೆ ಹಲಗೆಯನ್ನು ನನ್ನ ಕಡೆ ತಿರುಗಿಸಿದರು: "ನಿಮ್ಮ ಗೋದಾಮಿನ ಫೋಟೋ?"

ಉಳಿದಿದ್ದವು. ಕಪಾಟುಗಳ ಫೋಟೋ, ಕರೆಂಟ್ ಮೀಟರಿನ ಫೋಟೋ, ವಾಹನ ನಿಲ್ಲಿಸಿದ ಜಾಗ ಮರೆಯದಿರಲೆಂದು ತೆಗೆದ ಕಂಬದ ಫೋಟೋ, ವಾಷಿಂಗ್ ಮಶೀನಿನ ಕೈಪಿಡಿ. ಒಂದಕ್ಕೂ ಬ್ರಾಕೆಟ್ ಇರಲಿಲ್ಲವಲ್ಲ! "ಉಳಿದಿವೆ ಅತ್ತೆ" ಎಂದೆ. ನನಗೇ ಹೇಸಿಗೆಯಾಯಿತು.

ಅವರು ಮತ್ತೆ ಬರೆದರು: "ಅಳಿಯ ಅಂದ್ರೆ ಅಳಿಸೋನು. ಈಗ ಗೊತ್ತಾಯ್ತು." ಆ ಮಾತಿಗೆ ನಾನು ನಗಲೇ, ಅಳಲೇ ತಿಳಿಯಲಿಲ್ಲ. ಅತ್ತೆ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು, ಸಂಜೆಯವರೆಗೂ ಹಲಗೆ ಮುಟ್ಟಲಿಲ್ಲ.

ಆಮೇಲೆ ಶುರುವಾಯಿತು ನನ್ನ ಭಿಕ್ಷಾಟನೆ. ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಾನು ಆ ಬಾಗಿಲನ್ನು ಹಾಕಿದ್ದಲ್ಲದೆ ಅದಕ್ಕೆ ಬೀಗವನ್ನೂ ಜಡಿಯಲು ಹೊರಟೆ. ನೆಂಟರಿಗೆಲ್ಲ ಫೋನ್ ಮಾಡಿ, "ಅತ್ತೆ ಮಾತಾಡಿದ್ದು ಏನಾದ್ರೂ ನಿಮ್ಮ ಫೋನಲ್ಲಿದೆಯಾ?" ಎಂದು ಕೇಳಿದೆ. ಯಾರಲ್ಲೂ ಇಲ್ಲ. "ಫೋನಿಗೆ ಮಾತಾಡಿ ಕಳಿಸೋದೇನು, ಎದುರಿಗೆ ಮನುಷ್ಯ ಇರ್ಬೇಕು" ಎನ್ನುತ್ತಿದ್ದವರು ಅತ್ತೆ. ನಮ್ಮ ಮದುವೆಯ ವೀಡಿಯೋ ಹಾಕಿ ನೋಡಿದೆ. ಅತ್ತೆ ನನ್ನ ಕಡೆ ಕೈ ಮಾಡಿ ಯಾರಿಗೋ ಏನೋ ಹೇಳುತ್ತಿದ್ದಾರೆ, ಅದರ ಮೇಲೆ ವೀಡಿಯೋದವನು ಪಿಟೀಲು ಸುರಿದಿದ್ದಾನೆ. ಅವರು ಏನು ಹೇಳಿದರೋ. ಮುಖ ನೋಡಿದರೆ ಒಳ್ಳೆಯದೇನೂ ಹೇಳಿದಂತಿರಲಿಲ್ಲ.

ಸೋಮವಾರ ಮಾತಿನ ಮೇಡಂ ಆ ಒಂದು ಕೆಮ್ಮನ್ನು ಎರಡು ಸಲ ಕೇಳಿದರು. ತಲೆಯಾಡಿಸಿದರು.

"ಇಷ್ಟರಲ್ಲಿ ದನಿ ಕಟ್ಟೋಕಾಗಲ್ಲ. ಎರಡು ದಾರಿ ಇದೆ. ಯಂತ್ರದಲ್ಲೇ ಒಂದು ದನಿ ಬಂದಿರುತ್ತೆ, ಅದನ್ನ ಇಟ್ಕೋಬಹುದು. ಇಲ್ಲಾ, ಮನೆಯವರು ಯಾರಾದ್ರೂ ತಮ್ಮ ದನಿ ಕೊಡಬಹುದು."

ಯಂತ್ರದ ದನಿ ಕೇಳಿಸಿದರು. "ನನಗೆ. ನೀರು. ಬೇಕು." ಲಿಫ್ಟಿನಲ್ಲಿ ಮಹಡಿ ಹೇಳುವ ಹೆಂಗಸಿಗೆ ಬಾಯಾರಿಕೆಯಾದಂತಿತ್ತು. ಅತ್ತೆ ಮುಖ ಸಿಂಡರಿಸಿದರು.

"ನಾನು ಕೊಡ್ತೀನಿ" ಎಂದು ಹೆಂಡತಿ ಮೈಕಿನ ಮುಂದೆ ಕುಳಿತಳು. ತಾಯಿಯ ಹಾಗೇ ಹೇಳಲು ನೋಡಿದಳು. ಮೂರನೆಯ ವಾಕ್ಯ ಮುಗಿಸಲಾರದೆ ಕಾಗದ ಕೆಳಗಿಟ್ಟಳು. ಅತ್ತೆ ಅವಳ ಮುಂದಿನಿಂದ ಮೈಕನ್ನು ಎಳೆದು ಪಕ್ಕಕ್ಕಿಟ್ಟು ಹಲಗೆಯಲ್ಲಿ ಬರೆದರು: "ಮಗಳು ಬೇಡ. ನಾನು ಕರೆದಾಗೆಲ್ಲ ಅವಳಿಗೆ ಅವಳೇ ಕರೆದ ಹಾಗಾಗುತ್ತೆ." ಒರೆಸಿ ಇನ್ನೊಂದು ಬರೆದು, ಹಲಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು: "ಅಳಿಯಂದ್ರು."

"ಗಂಡಸಿನ ದನಿಯಾಗುತ್ತಲ್ಲಮ್ಮಾ!" ಎಂದರು ಮಾತಿನ ಮೇಡಂ.

ಅತ್ತೆ ಬರೆದರು: "ಅಳಿಸಿದವರು ಕೊಡಲಿ."

ಮಾಡಿದ್ದುಣ್ಣೋ ಮಹರಾಯ! ಗೋದಾಮಿಗೆ ರಜೆ ಹಾಕಿ ಕುಳಿತು ಓದಿದೆ. "ನನಗೆ ನೀರು ಬೇಕು" ಎಂದೆ. "ಬೆನ್ನು ನೋಯುತ್ತಿದೆ, ದಿಂಬು ಸರಿ ಮಾಡಿ" ಎಂದೆ. ಮೇಡಂ ಕೊಟ್ಟ ವಾಕ್ಯ ಮುಗಿದ ಮೇಲೆ ಅತ್ತೆ ತಮ್ಮವನ್ನು ಹಲಗೆಯಲ್ಲಿ ಬರೆದು ಬರೆದು ಹಿಡಿದರು, ನಾನು ನನ್ನನ್ನೇ ಬೈದುಕೊಂಡೆ.

"ಅಳಿಯಂದ್ರೇ, ನಿಮ್ಮ ತಲೇಲಿರೋದು ಮಿದುಳೋ ತೌಡೋ?"

"ಇನ್ನೂ ಸ್ವಲ್ಪ ಸಿಟ್ಟು ಬರ್ಲಿ ಸರ್" ಎಂದರು ಮೇಡಂ. "ಅಮ್ಮನಿಗೆ ಸಮಾಧಾನ ಇಲ್ಲ."

ಮತ್ತೆ ಹೇಳಿದೆ. ಅತ್ತೆ ಇನ್ನೊಂದು ಸಲ ಎಂದು ಬೆರಳೆತ್ತಿದರು. ಆ ವಾಕ್ಯವನ್ನು ಎಷ್ಟು ಸಲ ಹೇಳಿದೆನೋ, ಕೊನೆಕೊನೆಗೆ ಉತ್ತರ ತೌಡೇ ಎಂದು ನನಗೇ ಖಚಿತವಾಯಿತು. ಸಂಜೆ ಹೊತ್ತಿಗೆ ಗಂಟಲು ಬಿದ್ದುಹೋಗಿ ಎರಡು ದಿನ ನಾನೂ ಮನೆಯಲ್ಲಿ ಕೈಸನ್ನೆ ಮಾಡಿದೆ. ನೀರು ಕೇಳಲು ಲೋಟ ತೋರಿಸಿದರೆ ಸಾಕು, ಅತ್ತೆ ಹೇಳಿದ್ದು ನಿಜ. ಮಿಕ್ಕಿದ್ದೇನನ್ನೂ ತೋರಿಸಲಾಗುವುದಿಲ್ಲ. ಕ್ಷಮಿಸು ಎನ್ನುವುದಕ್ಕೆ ಎಂಥ ಸನ್ನೆ ಮಾಡುತ್ತೀರಿ? ನಾನು ಕೈ ಮುಗಿದರೆ ಹೆಂಡತಿ, "ಏನು, ಅನ್ನ ಸಾಕಾ?" ಎಂದಳು.

ಯಂತ್ರ ಮನೆಗೆ ಬಂತು. ಪುಸ್ತಕದಷ್ಟು ಅಗಲದ ಪರದೆ, ಅದರಡಿ ಸ್ಪೀಕರ್. ಅತ್ತೆ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ನಾನು ಪಕ್ಕದಲ್ಲೇ ಬಗ್ಗಿ ನಿಂತೆ.

"ಅಳಿಯಂದ್ರೇ, ದೂರ ನಿಂತ್ಕೊಳ್ಳಿ. ಈ ಯಂತ್ರಾನ ಮುಟ್ಬೇಡಿ" ಎಂದಿತು ನನ್ನ ದನಿ.

ಅಂದಿನಿಂದ ನಮ್ಮ ಮನೆಯಲ್ಲಿ ನಾನು ಎರಡು ಕಡೆ ಇದ್ದೇನೆ. ಒಂದು ಕಡೆ ಆಜ್ಞೆ ಕೊಡುತ್ತೇನೆ, ಇನ್ನೊಂದು ಕಡೆ ಪಾಲಿಸುತ್ತೇನೆ. ಎದುರು ಮನೆಯವರು ಒಂದು ದಿನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ನಿಮ್ಮೆಜಮಾನ್ರು ಒಬ್ಬೊಬ್ಬರೇ ಜಗಳ ಆಡ್ತಾರಲ್ಲ, ಅದೂ ತಮಗೆ ತಾವೇ ಬಹುವಚನ ಕೊಟ್ಕೊಂಡು, ಡಾಕ್ಟರಿಗೆ ತೋರಿಸಿದ್ರಾ?" ಎಂದರಂತೆ. ಅಪಶಕುನ ಫೋನ್ ಮಾಡಿದಾಗ ಹಿಂದಿನಿಂದ "ತೌಡೋ?" ಎಂದು ಕೇಳಿಸಿ, "ನನಗೆ ಹೇಳಿದ್ರಾ ಸಾರ್?" ಎಂದ. "ಇಲ್ಲಯ್ಯಾ, ನನಗೆ" ಎಂದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಈ ಮನೆಯಲ್ಲಿ ನನ್ನ ದನಿ ಕೇಳಿ ಜನ ಎದ್ದು ನಿಲ್ಲುವುದು ಇದೇ ಮೊದಲು. ಅದರ ಸುಖ ಅನುಭವಿಸುವವರು ಮಾತ್ರ ಅತ್ತೆ.

ಹೆಂಡತಿಗೆ ಯಂತ್ರ ಬಂದಮೇಲೂ ನಗು ಬರಲಿಲ್ಲ. ಬೇಕಾದಷ್ಟೇ ಮಾತು, ಉಪ್ಪು ಎಲ್ಲಿ, ಬೀಗದ ಕೈ ಎಲ್ಲಿ. ತಾಯಿಯ ಮುಂದೆ ಕುಳಿತಾಗಲೂ, "ಅಮ್ಮಾ, ನೀನು ಹಲಗೇಲೇ ಬರೀ" ಎನ್ನುತ್ತಿದ್ದಳು. ಅತ್ತೆಯೂ ಮಗಳಿಗೆ ಹಲಗೆ, ನನಗೆ ಯಂತ್ರ ಎಂದು ಇಟ್ಟುಕೊಂಡಿದ್ದರು. ಅವಳಿಲ್ಲದಾಗ ಆ ಕೆಮ್ಮನ್ನು ನಾನು ಹಾಕಿ ಕೇಳಿದ್ದುಂಟು. "ಶುರುವಾಯ್ತಾ?" ಎನ್ನುತ್ತಾರೆ ಅತ್ತೆ. ಮುಗಿದಿರುತ್ತದೆ.

ಮೊನ್ನೆ ಸಂಜೆ ಹೆಂಡತಿ ಕ್ಲಿನಿಕ್ಕಿನಿಂದ ಬಂದಳು. ಯಾರೋ ಹಲ್ಲುನೋವಿನವರು ಸರದಿಗಾಗಿ ಅವಳ ಮೇಲೆ ರೇಗಾಡಿದ್ದರಂತೆ. ಮುಖ ಸೋತಿತ್ತು. ಚಪ್ಪಲಿ ಬಿಡುತ್ತ ಗೋಡೆ ಹಿಡಿದು ನಿಂತಳು. ಅತ್ತೆ ಹಲಗೆಗೆ ಕೈ ಹಾಕಿದರು. ಪೆನ್ನು ಒಣಗಿತ್ತು. ಎರಡು ಸಲ ಕೊಡವಿ, ಬಿಸಾಕಿ, ಯಂತ್ರವನ್ನು ಎಳೆದುಕೊಂಡು ಟೈಪ್ ಮಾಡಿದರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹೊರಗಿನಿಂದ ನನ್ನ ದನಿ ಕೇಳಿಸಿತು, ಬಹಳ ಮೆಲ್ಲಗೆ:

"ಬಂದ್ಯಾ ಕಂದಾ? ತುಂಬಾ ಸುಸ್ತಾಗಿದೀಯ. ಬಾ, ಇಲ್ಲಿ ಕೂತ್ಕೋ. ಊಟ ಮಾಡಿದ್ಯಾ?"

ಅವಳು ಏನೆಂದುಕೊಂಡಳೋ ಎಂದು ಹೆದರಿಕೆಯಾಯಿತು. ಒದ್ದೆ ಕೈಯಲ್ಲೇ ಓಡಿ ಬಂದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಒಂದು ಕಾಲಲ್ಲಿ ಚಪ್ಪಲಿ ಹಾಗೇ ಇತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು.

"ನಾನಲ್ಲ ಕಣೇ! ನಾನೇನೂ ಅಂದಿಲ್ಲ! ಅತ್ತೆ ಹೇಳಿದ್ದು!" ಎಂದು ತಡವರಿಸಿದೆ.

"ಗೊತ್ತು" ಎಂದಳು ಅವಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಇಷ್ಟು ವರ್ಷದಲ್ಲಿ ಈ ದನೀಲಿ ಈ ಮಾತು ಒಂದ್ಸಲಾನೂ ಕೇಳಿಲ್ವಲ್ಲ. ನೀವಲ್ಲ ಅಂತ ಮೊದಲನೇ ಅಕ್ಷರಕ್ಕೇ ಗೊತ್ತಾಯ್ತು."